ಹೀಟರ್ (ಬಟ್ಟೆಯದು): ಒಂದು

ಬಸವನ ಬಾಗೇವಾಡಿ ತಾಲೂಕಿಗೆ ಒಂದು ತೊಟ್ಟಿಲು ವಾಹನ ಇದೆ. ಅದಕ್ಕೆ ಒಂದು ಹೀಟರ್ ಇದೆ. ಆ ಹೀಟರ್ ತಣ್ಣನೆಯ ಗಾಳಿ ಬಿಡುತ್ತದೆ. ಈ ಮೂರೂ ಸಂಗತಿ ದಾಖಲೆಯಲ್ಲಿವೆ. ಮೂರಕ್ಕೂ ಮೇಲಿನವರ ಸಹಿ ಇದೆ. ಆದ್ದರಿಂದ ಯಾರೂ ಇವನ್ನು ಅಲ್ಲಗಳೆಯುವಂತಿಲ್ಲ.

ತೊಟ್ಟಿಲು ವಾಹನ ಅಂದರೆ ಹೆರಿಗೆಯಾದ ಬಾಣಂತಿಯನ್ನೂ ಕೂಸನ್ನೂ ದವಾಖಾನೆಯಿಂದ ಮನೆಗೆ ಮುಟ್ಟಿಸುವ ಗಾಡಿ. ಅದನ್ನು ನಡೆಸುವುದು ತೊಟ್ಟಿಲು ವಾಹನ ಮಂಡಳಿ. ಓಡಿಸುವವನು ಹೂವಿನ ಹಿಪ್ಪರಗಿಯ ಚಾಂದಸಾಬ. ಐವತ್ತೆಂಟು ವರ್ಷ. ಮಾತು ಕಡಿಮೆ. ನಾಲ್ಕನೇ ಇಯತ್ತೆವರೆಗೆ ಸಾಲಿ ಕಲಿತವನು. ಸಹಿ ಚೆನ್ನಾಗಿ ಮಾಡುತ್ತಾನೆ.

ಇಡೀ ದೇಶಕ್ಕೆ ಬೇಕಾದ ಗಾಡಿಗಳನ್ನು ಮಂಡಳಿ ಒಮ್ಮೆಲೇ ಖರೀದಿ ಮಾಡಿತ್ತು. ಹಿಮ ಬೀಳುವ ಊರಿಗೂ ಅದೇ ಗಾಡಿ, ಬಾಗೇವಾಡಿಗೂ ಅದೇ ಗಾಡಿ. ಎ.ಸಿ. ಇರಲಿಲ್ಲ. ಹೀಟರ್ ಇತ್ತು. ಗಾಡಿ ಬಂದ ಮೊದಲ ಬೇಸಿಗೆಯಲ್ಲಿ ಆಗಿನ ವ್ಯವಸ್ಥಾಪಕ ಸಾಹೇಬರು ಮುಂದಿನ ಸೀಟಿನಲ್ಲಿ ಕೂತು ಮುದ್ದೇಬಿಹಾಳಕ್ಕೆ ಹೊರಟರು. ಹೊರಗೆ ನಲವತ್ತೆರಡು ಡಿಗ್ರಿ. ಹಿಂದೆ ಕೂಸು ಇದ್ದುದರಿಂದ ನಿಯಮದಂತೆ ಹೀಟರ್ ಚಾಲೂ ಇತ್ತು. ಕಾಲಿಗೆ ಬಿಸಿಗಾಳಿ ಬಡಿಯಿತು. ಸಾಹೇಬರು ಗಾಡಿ ನಿಲ್ಲಿಸಿದರು. ಇಂಜಿನ್ನಿನಿಂದ ಹೀಟರಿಗೆ ಬಿಸಿನೀರು ಹೋಗುವ ಪೈಪಿಗೆ ಒಂದು ನಲ್ಲಿ ಇರುತ್ತದೆ. ಅದನ್ನು ಬಂದ್ ಮಾಡಿಸಿದರು. ಮತ್ತೆ ಯಾರೂ ತಿರುವಬಾರದೆಂದು ತಂತಿ ಸುತ್ತಿಸಿದರು. ತಂತಿಯ ತುದಿಯನ್ನು ಇಂಜಿನ್ನಿನ ಕಾವು ತಾಗದಂತೆ ಬಾನೆಟ್ಟಿನ ಮೂಲೆಗೆ ಎಳೆಸಿ, ಗಂಟು ಹಾಕಿಸಿ, ಗಂಟಿನ ಮೇಲೆ ಕೆಂಪು ಅರಗು ಕರಗಿಸಿ, ಕಿಸೆಯಲ್ಲಿದ್ದ ಹಿತ್ತಾಳೆ ಮೊಹರು ಒತ್ತಿದರು. ಕೆಲಸ ಗಟ್ಟಿಯಾಗಿತ್ತು. ಚಾಂದಸಾಬ ಸಾಕ್ಷಿ ಸಹಿ ಹಾಕಿದ.

ಹೀಟರಿನ ಫ್ಯಾನಿಗೆ ಮಾತ್ರ ಯಾರೂ ಏನೂ ಮಾಡಲಿಲ್ಲ. ಮಾಡುವಂತೆಯೂ ಇರಲಿಲ್ಲ. ಯಾಕೆಂದರೆ ಮಂಡಳಿಯ ಕೈಪಿಡಿಯಲ್ಲಿ ಹೀಗೆ ಇದೆ:

"ನಿಯಮ ೧೪: ವಾಹನದಲ್ಲಿ ಶಿಶುವಿರುವಾಗ ಹೀಟರನ್ನು ಕಡ್ಡಾಯವಾಗಿ ಚಾಲನೆಯಲ್ಲಿಡತಕ್ಕದ್ದು. ಚಾಲನೆಯ ಅವಧಿಯನ್ನು ಲಾಗ್ ಪುಸ್ತಕದಲ್ಲಿ ನಮೂದಿಸತಕ್ಕದ್ದು. ತಪ್ಪಿದಲ್ಲಿ ಚಾಲಕನೇ ಹೊಣೆಗಾರನಾಗುವನು."

ಗಾಳಿ ಬಿಸಿ ಇರಬೇಕೆಂದು ನಿಯಮ ಎಲ್ಲಿಯೂ ಹೇಳಿಲ್ಲ. ಚಾಂದಸಾಬ ಗುಂಡಿ ಒತ್ತುತ್ತಿದ್ದ. ಫ್ಯಾನ್ ತಿರುಗುತ್ತಿತ್ತು. ಗಾಳಿ ಬರುತ್ತಿತ್ತು. ನಿಯಮ ಪಾಲನೆಯಾಗುತ್ತಿತ್ತು. ಬೇಸಿಗೆ ಕಳೆದು, ಮಳೆಗಾಲ ಕಳೆದು, ಹೀಗೇ ಕೆಲವು ವರ್ಷ ನಡೆಯಿತು.

ದವಾಖಾನೆಯಲ್ಲಿ ದೊಡ್ಡ ಡಾಕ್ಟರರ ರೌಂಡು ಎಂಟಕ್ಕೆ. ಅಷ್ಟರೊಳಗೆ ಹಾಸಿಗೆಗಳು ಖಾಲಿ ಕಾಣಬೇಕು. ಅದಕ್ಕಾಗಿ ಬಾಣಂತಿಯರನ್ನು ಬೆಳಗಿನ ಆರಕ್ಕೇ ಕಳಿಸುವ ಪದ್ಧತಿ ಬಂತು. ಆ ವರ್ಷ ಎಳ್ಳ ಅಮಾಸಿ ಮುಂದೆ ಥಂಡಿ ಜೋರಾಗಿ ಬಿತ್ತು. ಬಿಳಿಜೋಳದ ಹೊಲದ ಮೇಲೆ ಇಬ್ಬನಿ ಬಟ್ಟೆ ಹಾಸಿದ ಹಾಗೆ ಕೂತಿತ್ತು. ಹೂವಿನ ಹಿಪ್ಪರಗಿಯ ರಂಗೂಬಾಯಿ ತಮ್ಮ ಸೊಸೆ ವೃಂದಾಳನ್ನೂ ಮೂರು ದಿನದ ಮೊಮ್ಮಗನನ್ನೂ ಕರೆದುಕೊಂಡು ಗಾಡಿ ಹತ್ತಿದರು. ಚಾಂದಸಾಬ ನಿಯಮದಂತೆ ಗುಂಡಿ ಒತ್ತಿದ.

"ಏನೋ ಚಾಂದಸಾಬ, ಇದ್ಯಾವ ಗಾಳಿ ಬಿಟ್ಟಿಯೋ? ಕೂಸಿನ ಮೂಗು ನೋಡು, ಹ್ಯಾಂಗ ಕೆಂಪಗಾಗ್ಯದ."

"ಹೀಟರ್ ರೀ, ಬಾಯಾರ."

"ಹೀಟರ್ ಏನು? ಹಂಗಾದ್ರ ಬಂದ್ ಮಾಡಪ್ಪ. ಸ್ವಲ್ಪರ ಬೆಚ್ಚಗಾಗ್ತದ."

"ಬಂದ್ ಮಾಡೂ ಹಂಗಿಲ್ರಿ. ಕೂಸು ಗಾಡ್ಯಾಗ ಇರೂತನಕ ಹೀಟರ್ ನಡೀಬೇಕಂತ ರೂಲ್ ಐತಿ."

ರಂಗೂಬಾಯಿ ಸೆರಗಿನಲ್ಲಿ ಕೂಸನ್ನು ಮುಚ್ಚಿಕೊಂಡರು. "ಆ ರೂಲ್ ಬರದ ಪುಣ್ಯಾತ್ಮನ್ನ ಒಂದ್ ದಿನ ಬರಿ ಮೈಲೆ ತಂದು ಇದರಾಗ ಕೂಡಿಸು. ಹಿಪ್ಪರಗಿ ಬರೂದರಾಗ ತಾನ ಅಳಿಸಿ ಒಗೀತಾನ."

ಚಾಂದಸಾಬನಿಗೆ ಕೂಸು ಅಳುವುದು ಕೇಳಿಸುತ್ತಿತ್ತು. ಊರು ಹತ್ತಿರ ಬಂದಾಗ ಅಳು ನಿಂತಿತು. ನಿಂತದ್ದು ಅವನಿಗೆ ಇನ್ನೂ ಕಷ್ಟವಾಯಿತು. ಮನೆ ಮುಂದೆ ಇಳಿಸಿದ. ರಂಗೂಬಾಯಿ ಕೂಸನ್ನು ಬಿಸಿಲಿಗೆ ಹಿಡಿದು, ಅದು ಮತ್ತೆ ಅತ್ತ ಮೇಲೆಯೇ ಅವನು ಗಾಡಿ ತಿರುಗಿಸಿದ.

ಅವತ್ತು ಅವನು ಅರ್ಜಿ ಬರೆದ. "ಹೀಟರ್ ತಣ್ಣಗ ಬಿಡತೈತಿ. ಕೂಸುಗಳಿಗೆ ತ್ರಾಸ ಆಗತೈತಿ." ಕೆಳಗೆ ಸಹಿ.

ಈಗಿನ ವ್ಯವಸ್ಥಾಪಕರು ಶ್ರೀವಲ್ಲಭರಾಯರು. ಕೆಟ್ಟ ಮನುಷ್ಯರಲ್ಲ. ಯಾವ ಅರ್ಜಿಯನ್ನೂ ಅವರು ತಿರಸ್ಕರಿಸಿದವರಲ್ಲ. ಪ್ರತಿಯೊಂದಕ್ಕೂ ಒಂದು ಫೈಲು ತೆರೆಯುತ್ತಿದ್ದರು.

"ಚಾಂದಸಾಬ, ಹೀಟರ್ ನಡೀತದೋ ಇಲ್ಲೋ?"

"ನಡೀತೈತ್ರಿ."

"ಗಾಳಿ?"

"ಬರ್ತೈತ್ರಿ. ತಣ್ಣಗ ಬರ್ತೈತಿ."

"ಅಂದ್ರ ಕೆಟ್ಟಿಲ್ಲ. ನಡೀಲಾರದ್ದಕ್ಕ ದುರಸ್ತಿ ಫಾರಂ ಅದ. ನಡೀತಾ ಇದ್ದು ತಣ್ಣಗ ಬಿಡೂದಕ್ಕ ಫಾರಂ ಇಲ್ಲ. ಜಿಲ್ಲಾ ಕಚೇರಿಗೆ ಬರದು ತರಸ್ತೇನಿ."

"ಎಷ್ಟ ದಿನ ಆಗ್ತೈತ್ರಿ?"

"ಥಂಡಿ ಮುಗಿಯೂದರೊಳಗ ಬರ್ತದ. ಯಾವ ಥಂಡಿ ಅಂತ ಕೇಳಬ್ಯಾಡ."

ಚಾಂದಸಾಬ ಕೇಳಲಿಲ್ಲ. ಮುದ್ದೇಬಿಹಾಳಕ್ಕೆ ಹೋಗುವ ಸರದಿ ಬಂದಾಗ ಎ.ಪಿ.ಎಂ.ಸಿ. ಬಾಜೂಕಿರುವ ಇಸ್ಮಾಯಿಲನ ಗ್ಯಾರೇಜಿನ ಮುಂದೆ ಗಾಡಿ ನಿಲ್ಲಿಸಿದ. ಇಸ್ಮಾಯಿಲ ಕಿವಿಯಿಂದಲೇ ಇಂಜಿನ್ ನೋಡುವವನು. ರೇಡಿಯೇಟರಿನ ನೀರು ನೋಡಿದ. ತುಂಬಿತ್ತು. ಇಂಜಿನ್ ಕಾಯಲಿ ಎಂದು ಹತ್ತು ನಿಮಿಷ ಚಾಲೂ ಬಿಟ್ಟ. ಕಾಯಿತು. ಆಮೇಲೆ ಬಾನೆಟ್ಟಿನೊಳಗೆ ಕೈ ತೋರಿಸಿದ.

"ಚಾಚಾ, ಇಲ್ಲಿ ಕೈ ಇಡ್ರಿ."

ಚಾಂದಸಾಬ ಇಟ್ಟು ತೆಗೆದ. ಸುಡುತ್ತಿತ್ತು.

"ಈಗ ಇಲ್ಲಿ."

ತಣ್ಣಗಿತ್ತು.

"ನಡುವ ಈ ನಲ್ಲಿ ಬಂದ್ ಐತಿ. ಬಿಸಿನೀರು ಹೀಟರಿಗೆ ಹೋಗವಲ್ದು. ತಿರುವಿದ್ರ ಆತು. ಅರ್ಧಾ ನಿಮಿಷದ ಕೆಲಸ."

"ತಿರುವು ಮತ್ತ."

ಇಸ್ಮಾಯಿಲ ನಲ್ಲಿ ತಿರುವಲು ಪಾನಾ ಎತ್ತಿದ. ತಂತಿ ಕಂಡಿತು. ತಂತಿ ಹಿಡಿದುಕೊಂಡು ಬಾನೆಟ್ಟಿನ ಮೂಲೆಗೆ ಹೋದ. ಕೆಂಪು ಅರಗು ಕಂಡಿತು. ಅರಗಿನ ಮೇಲಿನ ಮೊಹರು ಕಂಡಿತು. ಅವನು ಪಾನಾ ಕೆಳಗಿಟ್ಟು ಕೈ ಒರೆಸಿಕೊಂಡ.

"ಇಂಜಿನ್ ಇದ್ರ ನಾ ಮಾಡ್ತೇನಿ ಚಾಚಾ. ಇದು ಸರಕಾರ. ಇದಕ್ಕ ನನ್ನ ಹತ್ರ ಪಾನಾ ಇಲ್ಲ."

ಸುದ್ದಿ ಕೇಳಿ ಶ್ರೀವಲ್ಲಭರಾಯರಿಗೆ ಸಂತೋಷವಾಯಿತು. ದೋಷ ಸಿಕ್ಕಿತ್ತು. ಅದು ನಲ್ಲಿಯಲ್ಲಿ ಇಲ್ಲ, ಮೊಹರಿನಲ್ಲಿ ಇದೆ ಎಂದಾಯಿತು. ಮೊಹರಿಗೆ ನಿಯಮ ಇತ್ತು. ರಾಯರು ಕೈಪಿಡಿ ತೆಗೆದು ಚಾಂದಸಾಬನಿಗೆ ನಿಧಾನವಾಗಿ ಓದಿ ಹೇಳಿದರು.

"ನಿಯಮ ೩೧ (ಅ): ಮೊಹರು ಹಾಕಿದ ಅಧಿಕಾರಿಯೇ, ಅಧಿಕಾರದಲ್ಲಿರುವಾಗ, ಅದೇ ಮೊಹರನ್ನು ತಾಳೆ ನೋಡಿ, ಖುದ್ದಾಗಿ ಒಡೆಯತಕ್ಕದ್ದು. (ಆ): ಮೊಹರು ಒಡೆಯುವವರೆಗೆ ಸದರಿ ವಸ್ತುವು, ಯಾರ ಸಮಕ್ಷಮ ಮೊಹರಾಯಿತೋ ಅವರ ಸುಪರ್ದಿಯಲ್ಲಿಯೇ ಇರತಕ್ಕದ್ದು."

ಇಷ್ಟು ವರ್ಷ ತನ್ನನ್ನು ಬೇರೆ ಗಾಡಿಗೆ ಯಾಕೆ ವರ್ಗ ಮಾಡಲಿಲ್ಲ ಎಂಬುದು ಚಾಂದಸಾಬನಿಗೆ ಆಗ ತಿಳಿಯಿತು.

ಮೊಹರು ಹಾಕಿದ ಸಾಹೇಬರು ಸಿಂದಗಿಗೆ ವರ್ಗವಾಗಿದ್ದರು. ಪತ್ರ ಸಿಂದಗಿಗೆ ಹೋಯಿತು. ಅಲ್ಲಿಂದ ಅವರು ಇಂಡಿಗೆ ಹೋಗಿದ್ದರು. ಪತ್ರವೂ ಹೋಯಿತು. ಇಂಡಿಯಲ್ಲಿ ಅವರು ನಿವೃತ್ತರಾಗಿದ್ದರು. ಪತ್ರ ಅವರ ಮನೆಗೆ ಹೋಯಿತು. ಉತ್ತರ ಎರಡು ಸಾಲು ಬಂತು: "ನಿವೃತ್ತನಾದ ನನಗೆ ಮೊಹರು ಒಡೆಯುವ ಅಧಿಕಾರ ಇರುವುದಿಲ್ಲ. ನಾನು ಹಾಕಿದ ಮೊಹರು ಇಂದಿಗೂ ಗಟ್ಟಿಯಾಗಿರುವುದನ್ನು ಕೇಳಿ ಹೆಮ್ಮೆಯಾಯಿತು."

ಇಷ್ಟಾಗುವಷ್ಟರಲ್ಲಿ ಹೋಳಿ ಹುಣ್ಣಿಮೆ ಕಳೆದಿತ್ತು. ಆದರೂ ಜಿಲ್ಲಾ ಕಚೇರಿ ಕೈಕಟ್ಟಿ ಕೂರಲಿಲ್ಲ. ದೋಷ ಪತ್ತೆಗೆ ಮೂವರ ಸಮಿತಿ ನೇಮಿಸಿತು. ಸಮಿತಿ ಏಪ್ರಿಲ್ ಇಪ್ಪತ್ತೆರಡರ ಮಧ್ಯಾಹ್ನ ಎರಡು ಗಂಟೆಗೆ ಬಂತು. ಗಾಡಿ ಬಿಸಿಲಲ್ಲಿ ನಿಂತಿತ್ತು. ಮೂವರೂ ಒಳಗೆ ಕೂತರು. ಕಿಟಕಿ ಏರಿಸಿ ಹೀಟರ್ ಹಚ್ಚಿಸಿದರು. ನಾಲ್ಕನೆಯ ನಿಮಿಷಕ್ಕೆ ಒಬ್ಬರು ಕರವಸ್ತ್ರ ತೆಗೆದರು. ಆರನೆಯ ನಿಮಿಷಕ್ಕೆ ಇನ್ನೊಬ್ಬರು, "ಸಾಕ್ರಿ, ಸಾಕ್ರಿ, ಹೀಟರ್ ಬಂದ್ ಮಾಡ್ರಿ, ಜೀವ ಹೋಗ್ತೈತಿ" ಅಂದರು.

ವರದಿ: "ಖುದ್ದು ಪರೀಕ್ಷಿಸಲಾಗಿ ಹೀಟರ್ ಅತ್ಯಂತ ಬಿಸಿಯಾದ ಗಾಳಿ ಬಿಡುತ್ತಿರುವುದು ದೃಢಪಟ್ಟಿದೆ. ಚಾಲಕನ ಗ್ರಹಿಕೆಯಲ್ಲಿ ದೋಷವಿರಬಹುದು."

ಚಾಂದಸಾಬ ಇದನ್ನೆಲ್ಲ ಸಂಜೆ ಮನೆಯಲ್ಲಿ ಹೆಂಡತಿ ಸಗೀರಾಗೆ ಹೇಳುತ್ತಿದ್ದ. ಹೊರಗೆ ಮಾತಿಲ್ಲದವನು ಅವಳ ಮುಂದೆ ಮಾತ್ರ ಆಡುತ್ತಿದ್ದ. ಸಗೀರಾ ಹೊಸ್ತಿಲ ಹತ್ತಿರ ಕೂತು ಕೌದಿ ಹೊಲಿಯುತ್ತಿದ್ದಳು. ಅವಳ ಹಳೆಯ ಸೀರೆಗಳು, ನಡುನಡುವೆ ಅವನ ಹರಿದ ಖಾಕಿ ಅಂಗಿಯ ತುಂಡು. ಆಗಲೇ ಅವಳಿಗೆ ಆರಾಮ ಇರಲಿಲ್ಲ. ಹತ್ತು ಹೊಲಿಗೆಗೊಮ್ಮೆ ಕೈ ನಿಲ್ಲಿಸುತ್ತಿದ್ದಳು.

"ಕೂಸಿಗೆ ಥಂಡಿ ಆದ್ರ ಒಂದ್ ಕೌದಿ ಹೊಚ್ಚಬೇಕು," ಅಂದಳು ಸಗೀರಾ. "ಅದಕ್ಕ ಇಂಡಿತನಕ ಪತ್ರ ಯಾಕ ಬರದ್ರಿ?"

"ಅದು ಹೀಟರ್."

"ಇದೂ ಹೀಟರ್ ಅಲ್ಲೇನು ಮತ್ತ?" ಅಂತ ನಕ್ಕಳು.

ಕೌದಿ ಮುಗಿದ ದಿನ ಅವಳು ಬುಟ್ಟಿಯಿಂದ ಖಡಕ್ ರೊಟ್ಟಿ ತೆಗೆದು, ಬೆರಳಿನಷ್ಟು ಮುರಿದು, ಬಟ್ಟೆಯ ಚೂರಿನಲ್ಲಿ ಸುತ್ತಿ, ಕೌದಿಯ ಒಂದು ಮೂಲೆಯೊಳಗೆ ಇಟ್ಟು ಹೊಲಿಗೆ ಹಾಕಿದಳು. ಎಲ್ಲರೂ ಹಾಗೇ ಮಾಡುತ್ತಾರೆ. ಕೌದಿ ಉಪವಾಸ ಇರಬಾರದು. ಹೊಟ್ಟೆ ತುಂಬಿದ ಕೌದಿ ಹೊದ್ದವರನ್ನು ಬೆಚ್ಚಗಿಡುತ್ತದೆ.

ಆ ಮಳೆಗಾಲದಲ್ಲಿ ಸಗೀರಾ ತೀರಿಕೊಂಡಳು. ಇದು ದಾಖಲೆಯಲ್ಲಿ ಇಲ್ಲ. ಚಾಂದಸಾಬನ ಮೂರು ದಿನದ ರಜೆ ದಾಖಲೆಯಲ್ಲಿ ಇದೆ.

ಕೌದಿಯನ್ನು ಅವನು ಮನೆಯಲ್ಲಿ ಹಾಸಲಿಲ್ಲ. ಗಾಡಿಗೆ ತಂದು ಸೀಟಿನ ಬೆನ್ನಿಗೆ ಹಾಕಿಕೊಂಡ. ಅದಕ್ಕೆ ಬೆನ್ನು ಕೊಟ್ಟು ಓಡಿಸುತ್ತಿದ್ದ.

ಮತ್ತೆ ಥಂಡಿ ಬಂತು. ಒಂದು ಬೆಳಗ್ಗೆ ಗುಲನಾಜ ಎಂಬ ಬಾಣಂತಿ ಕೂಸನ್ನೆತ್ತಿಕೊಂಡು ಒಬ್ಬಳೇ ಗಾಡಿ ಹತ್ತಿದಳು. ಕೂಸು ದಿನ ತುಂಬದ್ದು, ಅಂಗೈಯಷ್ಟಿತ್ತು. ಹೀಟರ್ ಬೀಸುತ್ತಿತ್ತು. ಸ್ವಲ್ಪ ದೂರ ಹೋದ ಮೇಲೆ ಗುಲನಾಜ ಮೆಲ್ಲಗೆ ಅಂದಳು, "ಮಾಮಾ, ಇದರ ಕೈ ತಣ್ಣಗ ಆಗಾಕತ್ತಾವು."

ಚಾಂದಸಾಬ ಗಾಡಿ ನಿಲ್ಲಿಸಿದ. ಬೆನ್ನ ಹಿಂದಿನ ಕೌದಿ ಎಳೆದ. ಅದು ಅವನ ಮೈಯ ಕಾವಿಗೆ ಬೆಚ್ಚಗಾಗಿತ್ತು. ಮಡಚಿ ಕೂಸಿಗೂ ತಾಯಿಗೂ ಸೇರಿಸಿ ಸುತ್ತಿದ. ಹೀಟರ್ ಬಂದ್ ಮಾಡಲಿಲ್ಲ. ನಿಯಮ ಇತ್ತು. ಕೌದಿ ಹೊಚ್ಚಬಾರದೆಂಬ ನಿಯಮ ಇರಲಿಲ್ಲ. ಊರು ಮುಟ್ಟುವಷ್ಟರಲ್ಲಿ ಕೂಸಿನ ಹಣೆಯ ಮೇಲೆ ಬೆವರು ಕೂತಿತ್ತು.

ಅವತ್ತಿನಿಂದ ಗಾಡಿ ಹತ್ತಿದ ಪ್ರತಿ ಕೂಸಿಗೂ ಕೌದಿ ಬಿತ್ತು. ಅವತ್ತಿನಿಂದ ಬಾಣಂತಿಯರ ದೂರುಗಳು ನಿಂತವು.

ದೂರು ನಿಂತದ್ದು ಕಚೇರಿಗೆ ಸಮಸ್ಯೆಯಾಯಿತು. ಹೀಟರ್ ಫೈಲು ಚಾಲ್ತಿಯಲ್ಲಿತ್ತು, ದೂರು ಇರಲಿಲ್ಲ. ದುರಸ್ತಿಯಾಗದೆ ದೂರು ನಿಂತದ್ದು ಹೇಗೆ ಎಂದು ಜಿಲ್ಲಾ ಕಚೇರಿ ವಿವರಣೆ ಕೇಳಿತು. ವಿಚಾರಣೆ ನಡೆದು ಕೌದಿ ಸಿಕ್ಕಿತು. ಚಾಂದಸಾಬನಿಗೆ ಕಾರಣ ಕೇಳಿ ನೋಟಿಸು ಬಂತು: "ಸರಕಾರಿ ವಾಹನದಲ್ಲಿ ಖಾಸಗಿ ಹೀಟರ್ ಅಳವಡಿಸಿದ್ದು ಏಕೆ?"

ಅವನು ಉತ್ತರ ಬರೆದ. "ಕೂಸಿಗೆ ಥಂಡಿ ಇತ್ತು. ಕೌದಿ ಹೊಚ್ಚಿದೆ."

"ಕೌದಿ ಅಂತ ಬರೀಬ್ಯಾಡ," ಅಂದರು ಶ್ರೀವಲ್ಲಭರಾಯರು. "ಕೈಪಿಡಿ ಪ್ರಕಾರ ವಾಹನದಾಗ ಶಿಶುವಿಗೆ ಕಾವು ಕೊಡೂ ಸಾಧನ ಅಂದ್ರ ಹೀಟರ್. ನಿಂದು ಕಾವು ಕೊಡ್ತದೋ ಇಲ್ಲೋ?"

"ಕೊಡ್ತೈತ್ರಿ."

"ಅಂದಮ್ಯಾಲ ಹೀಟರ್. ಖಾಸಗಿ ಹೀಟರ್ ಇಟ್ಟ್ರ ನಿನ್ನ ಮ್ಯಾಲೆ ಕ್ರಮ ಆಗ್ತದ. ಮಂಡಳಿ ಹೆಸರಿಗೆ ಕೊಟ್ಟುಬಿಡು. ಸ್ಟಾಕಿಗೆ ತಗೋತೇವಿ, ಗಾಡ್ಯಾಗ ಇರ್ತದ, ನೀನೂ ಇರ್ತಿ."

"ಕೊಡಲಾರದ ಇದ್ರ?"

"ಗಾಡಿ ಇಳಿಸಬೇಕಾಗ್ತದ. ಕೌದಿನೂ, ನಿನ್ನೂ."

ಚಾಂದಸಾಬ ಕಿಟಕಿಯ ಹೊರಗೆ ಗಾಡಿಯ ಕಡೆ ನೋಡಿದ. ನಾಳೆ ಬೆಳಗ್ಗೆ ಎರಡು ಕೂಸು ಇದ್ದವು. ಸಹಿ ಹಾಕಿದ.

ಕೌದಿ ಸಿಂದಗಿಯ ಮಂಡಳಿ ಉಗ್ರಾಣಕ್ಕೆ ಹೋಯಿತು, ನಂಬರು ಬರೆಸಲು. ಒಂದು ವಾರ ಅಂದರು. ಎರಡು ತಿಂಗಳಾಯಿತು. ಬಿಳಿ ಬಣ್ಣ ಇತ್ತು, ಕುಂಚ ಇರಲಿಲ್ಲ. ಕುಂಚ ಬಂದಾಗ ಬಣ್ಣ ಒಣಗಿತ್ತು. ಆ ಎರಡು ತಿಂಗಳು ಬಾಣಂತಿಯರು ತಮ್ಮ ಸೀರೆಯ ಸೆರಗು ನಂಬಿದರು. ಚಾಂದಸಾಬ ಸೀಟಿಗೆ ಬೆನ್ನು ತಾಗಿಸದೆ, ನೆಟ್ಟಗೆ ಕೂತು ಓಡಿಸಿದ. ವಾರಕ್ಕೊಮ್ಮೆ ಬಸ್ಸು ಹತ್ತಿ ಸಿಂದಗಿಗೆ ಹೋಗಿ, ಉಗ್ರಾಣದ ಜಾಲರಿ ಕಿಟಕಿಯಿಂದ ನೋಡಿ ಬರುತ್ತಿದ್ದ. ಕೌದಿ ಹಳೆಯ ಟಾಯರುಗಳ ಮೇಲೆ ಇತ್ತು. ಅಲ್ಲಿನ ಕಾವಲುಗಾರ ಒಂದು ಸಲ ಕೇಳಿದ, "ಏನ್ ನೋಡ್ತೀರಿ ಕಾಕಾ?" "ಹೀಟರ್," ಅಂದ ಚಾಂದಸಾಬ.

ಕೊನೆಗೆ ನಂಬರು ಬಿದ್ದು ಬಂತು. ಖಾಕಿ ತುಂಡಿನ ಮೇಲೆ ಬಿಳಿ ಅಕ್ಷರ. ರಿಜಿಸ್ಟರಿನಲ್ಲಿ ಬರೆದರು: "ಹೀಟರ್ (ಬಟ್ಟೆಯದು): ಒಂದು. ಸ್ಥಿತಿ: ಚಾಲನೆಯಲ್ಲಿದೆ. ಶಬ್ದ: ಇಲ್ಲ. ಇಂಧನ: ಬೇಕಿಲ್ಲ."

ಇಂಧನ ಬೇಡದ ಹೀಟರಿನ ಸುದ್ದಿ ಹರಡಿತು. ಇಂಡಿ ಘಟಕದವರು ತಮಗೂ ಅಂಥದೇ ಬೇಕೆಂದು ಬರೆದು, ತಯಾರಕರ ವಿವರ ಕೇಳಿದರು. ರಾಯರು ಚಾಂದಸಾಬನನ್ನು ಕರೆದರು. ಮುಂದೆ ಫಾರಂ ಇತ್ತು.

"ತಯಾರಕರ ಹೆಸರು?"

"ಸಗೀರಾ, ರೀ. ನನ್ನ ಹೇಣ್ತಿ."

"ವ್ಯವಹರಿಸುವ ವಿಳಾಸ?"

"ಹೂವಿನ ಹಿಪ್ಪರಗಿ ಖಬರಸ್ತಾನ್ ರೀ. ಬೇವಿನ ಗಿಡದ ಬಾಜೂ."

ರಾಯರು ಅರ್ಧ ಬರೆದು ಪೆನ್ನು ನಿಲ್ಲಿಸಿದರು. ಆಮೇಲೆ ಪೂರ್ತಿ ಬರೆದರು. ಕಾಲಂ ಖಾಲಿ ಬಿಡುವಂತಿರಲಿಲ್ಲ.

ಇಂಡಿಯವರು ಆ ವಿಳಾಸಕ್ಕೆ ಹನ್ನೆರಡು ಹೀಟರ್ ಬೇಕೆಂದು ರಿಜಿಸ್ಟರ್ ಟಪಾಲು ಹಾಕಿದರು. ಅದು ಷರಾ ಸಮೇತ ತಿರುಗಿ ಬಂತು: "ವಿಳಾಸ ಸರಿ ಇದೆ. ಸಹಿ ಮಾಡಲಿಲ್ಲ." ಇಂಡಿಯವರು ತಯಾರಕರಿಗೆ ಆಸಕ್ತಿ ಇಲ್ಲವೆಂದು ಬರೆದು ಫೈಲು ಮುಚ್ಚಿದರು.

ಮೂರನೆಯ ಥಂಡಿಗೆ ತಪಾಸಣೆ ಬಂತು. ತಾಂತ್ರಿಕ ಪರಿವೀಕ್ಷಕ ಸಂಜೀವಕುಮಾರರು ಜಿಲ್ಲಾ ಕಚೇರಿಯಿಂದ ಡಿಸೆಂಬರ್ ಮೂವತ್ತರಂದು ಬಂದರು. ಮೂವತ್ತೊಂದಕ್ಕೆ ಅವರ ನಿವೃತ್ತಿ. ಸನ್ಮಾನಕ್ಕೆಂದು ಶಾಲು, ಹಣ್ಣಿನ ಬುಟ್ಟಿಯನ್ನು ಕಚೇರಿಯವರು ಆಗಲೇ ತಂದಿಟ್ಟಿದ್ದರು. ಕೊನೆಯ ತಪಾಸಣೆಯನ್ನು ಚೊಕ್ಕವಾಗಿ ಮಾಡಬೇಕೆಂದು ಅವರ ಮನಸ್ಸು.

ಕೌದಿಯನ್ನು ಮೇಜಿನ ಮೇಲೆ ಹಾಸಿಸಿದರು. ತಪಾಸಣೆ ಪಟ್ಟಿಯಲ್ಲಿ ಹೀಟರಿನ ಭಾಗಗಳು ಏಳು. ನಲ್ಲಿ, ಪೈಪು, ಫ್ಯಾನು ಮೊದಲಾದ ಆರು ಭಾಗಗಳ ಮುಂದೆ "ಅನ್ವಯಿಸುವುದಿಲ್ಲ" ಎಂದು ಬರೆದರು. ಆಮೇಲೆ ಕೈಯಿಂದ ಒತ್ತುತ್ತಾ ಬಂದು ಒಂದು ಮೂಲೆಯಲ್ಲಿ ನಿಂತರು.

"ಇದರಾಗ ಏನೋ ಐತಿ. ಗಟ್ಟಿ ಹತ್ತತೈತಿ."

"ರೊಟ್ಟಿ ತುಣುಕು, ರೀ," ಅಂದ ಚಾಂದಸಾಬ. "ಕೌದಿ ಉಪವಾಸ ಇರಬಾರ್ದಂತ ಇಟ್ಟಿರ್ತಾರ."

ಸಂಜೀವಕುಮಾರರು ಪಟ್ಟಿ ನೋಡಿದರು. ಏಳನೆಯ ಭಾಗ ಉಳಿದಿತ್ತು. ಥರ್ಮೋಸ್ಟ್ಯಾಟ್. ಕಾವನ್ನು ಹದದಲ್ಲಿಡುವಂಥದು, ಚಿಕ್ಕದು, ಗಟ್ಟಿ, ಒಳಗಡೆ ಇರುತ್ತದೆ ಎಂದು ವಿವರಣೆ ಇತ್ತು.

"ಇದು ಥರ್ಮೋಸ್ಟ್ಯಾಟ್. ರೊಟ್ಟಿ ಅಂತ ಬರಿಯಾಕ ಕಾಲಂ ಇಲ್ಲ. ಇದು ಹಾಕಿ ಎಷ್ಟ ದಿನ ಆತು?"

"ಎರಡ ವರ್ಷ ಆಗಾಕ ಬಂತ್ರಿ."

"ಎರಡ ವರ್ಷಕ್ಕ ಬದಲಿ ಮಾಡಬೇಕು. ಹೊಲಿಗಿ ಬಿಚ್ಚರಿ. ಹಳೇದು ತಗದು ಒಗೀರಿ." ಅವರು ತಾವೇ ಪೆನ್ಸಿಲ್ ಕೆತ್ತುವ ಬ್ಲೇಡು ಎತ್ತಿಕೊಂಡರು.

ಚಾಂದಸಾಬ ಆ ಮೂಲೆಯ ಮೇಲೆ ಅಂಗೈ ಇಟ್ಟ. ಇಪ್ಪತ್ತಾರು ವರ್ಷದ ನೌಕರಿಯಲ್ಲಿ ಸಾಹೇಬರ ಕೆಲಸಕ್ಕೆ ಅವನು ಕೈ ಅಡ್ಡ ತಂದದ್ದು ಅದೇ ಮೊದಲು. ಅವಳ ಕೊನೆಯ ಹೊಲಿಗೆ ಕೈಕೆಳಗೆ ಉಬ್ಬುಬ್ಬಾಗಿ ಹತ್ತುತ್ತಿತ್ತು.

"ಕೈ ತಗೀರಿ."

"ತಗೀತೇನ್ರಿ. ಒಂದ್ ಮಾತು." ಅವನು ನಿಧಾನಕ್ಕೆ ಯೋಚಿಸುವವನು. "ಹೊಸಾದು ತಂದೀರೇನ್ರಿ?"

"ಸಿಂದಗಿ ಉಗ್ರಾಣಕ್ಕ ಬರೀಬೇಕು."

"ಅದು ಬರೂತನಕ ಹಳೇದನ್ನ ಯಾರೂ ಮುಟ್ಟಬಾರ್ದಲ್ರಿ? ಈಗ ಬಿಚ್ಚಿದ್ರ, ನಡುವ ಯಾರರ ಬದಲ್ ಮಾಡಿದ್ರ, ಡ್ರೈವರನ ಮ್ಯಾಲೆ ಬರ್ತೈತಿ." ಉಸಿರು ತೆಗೆದುಕೊಂಡ. "ಮೊಹರು ಹಾಕಿಬಿಡ್ರಿ, ಸಾಹೇಬ್ರ. ನನ್ನ ಸಮಕ್ಷಮ."

ಸಂಜೀವಕುಮಾರರು ಬ್ಲೇಡು ಕೆಳಗಿಟ್ಟರು. ಮೊಹರು ಅಂದ ಕೂಡಲೇ ಅವರ ಮುಖ ಅರಳಿತ್ತು. ಚಾಂದಸಾಬನ ಕಡೆ ನೋಡಿದವರು ಶ್ರೀವಲ್ಲಭರಾಯರು. ಬಹಳ ಹೊತ್ತು ನೋಡಿದರು. ಗೋಡೆಯ ಕ್ಯಾಲೆಂಡರಿನ ಕಡೆ ನೋಡಿದರು. ಹಣ್ಣಿನ ಬುಟ್ಟಿಯ ಕಡೆ ನೋಡಿದರು. ಆಮೇಲೆ ಕೈಪಿಡಿ ತೆಗೆದು, ಯಾವ ಪುಟವನ್ನೂ ತಿರುವದೆ ಹೇಳಿದರು.

"ಡ್ರೈವರ್ ಹೇಳೂದು ಬರೋಬರಿ ಅದ. ನಿಯಮ ಮೂವತ್ತೊಂದು. ಮೊಹರು ಹಾಕರಿ, ಸಂಜೀವಕುಮಾರ. ನೀವ ಹಾಕಬೇಕು. ಇವತ್ತ ಹಾಕಬೇಕು."

ಅರಗು ತರಿಸಿದರು. ಕಡ್ಡಿ ಗೀರಿದರು. ಕೆಂಪು ಹನಿ ಹೊಲಿಗೆಯ ಗಂಟಿನ ಮೇಲೆ ಬಿತ್ತು. ಸಂಜೀವಕುಮಾರರು ತಮ್ಮ ನೌಕರಿಯ ಕೊನೆಯ ಮೊಹರನ್ನು ಎರಡೂ ಕೈಯಿಂದ ಒತ್ತಿದರು. ಒತ್ತಿ, ಬಾಯಿಂದ ಊದಿ ಆರಿಸಿದರು. ಚಾಂದಸಾಬ ಸಾಕ್ಷಿ ಸಹಿ ಹಾಕಿದ. ಈ ಸಲದ ಸಹಿ ಬಹಳ ಚೆನ್ನಾಗಿ ಬಂತು.

ಮರುದಿನ ಅವರು ಶಾಲು ಹೊದ್ದು ನಿವೃತ್ತರಾದರು. ಅಲ್ಲಿಗೆ ಆ ಮೊಹರನ್ನು ಒಡೆಯುವ ಅಧಿಕಾರಿ ಭೂಮಿಯ ಮೇಲೆ ಇಲ್ಲದಂತಾಯಿತು. ಹಾಗಾಗಿ ಬಟ್ಟೆಯ ಹೀಟರ್, ನಿಯಮ ೩೧ (ಆ) ಪ್ರಕಾರ, ಚಾಂದಸಾಬನ ಸುಪರ್ದಿಯಲ್ಲಿದೆ. ಅವನು ನಿವೃತ್ತನಾದ ಮೇಲೂ ಅವನ ಮನೆಯಲ್ಲಿಯೇ ಇರತಕ್ಕದ್ದು ಎಂದು ರಾಯರು ಈಗಲೇ ಟಿಪ್ಪಣಿ ಬರೆದು ಇಟ್ಟಿದ್ದಾರೆ. ಸಿಂದಗಿಯಿಂದ ಹೊಸ ಥರ್ಮೋಸ್ಟ್ಯಾಟ್ ಬಂತು. ಲೋಹದ್ದು. ಅದು ಕಪಾಟಿನಲ್ಲಿದೆ. ಕಾಗದ ಹಾರದಂತೆ ಫೈಲಿನ ಮೇಲೆ ಇಡಲು ಅನುಕೂಲವಾಗಿದೆ.

ಇದಾದ ಹದಿನೈದು ದಿನಕ್ಕೆ ರಂಗೂಬಾಯಿ ಮತ್ತೆ ಗಾಡಿ ಹತ್ತಿದರು. ವೃಂದಾಗೆ ಎರಡನೆಯದು ಹೆಣ್ಣು. ಮೊದಲನೆಯವನು ಈಗ ಎರಡು ದಾಟಿ, ಮನೆಯಲ್ಲಿ ಬೆಕ್ಕಿನ ಹಿಂದೆ ಓಡುತ್ತಿದ್ದಾನಂತೆ. ಚಾಂದಸಾಬ ಕೌದಿ ತೆಗೆದು ಕೂಸಿಗೆ ಹೊಚ್ಚಿದ, ಮೊಹರಿನ ಮೂಲೆ ಕಾಲ ಕಡೆಗೆ ಬರುವಂತೆ ಮಡಚಿದ. ನಿಯಮದಂತೆ ಗುಂಡಿ ಒತ್ತಿದ. ತಣ್ಣನೆಯ ಗಾಳಿ ಬರತೊಡಗಿತು.

"ಇನ್ನೂ ರಿಪೇರಿ ಆಗಿಲ್ಲೇನೋ ಇದು?"

"ಆಗೇತ್ರಿ, ಬಾಯಾರ. ನಿಮ್ಮ ತೊಡಿ ಮ್ಯಾಲೆ ಐತಲ್ಲ, ಅದ ಹೀಟರ್. ಮುಂದಿಂದು ಬರೇ ರೂಲಿಗೆ."

ರಂಗೂಬಾಯಿ ಕೌದಿ ಸವರಿದರು. ಸಗೀರಾ ಕೆಲವು ವರ್ಷ ಅವರ ಮನೆಗೂ ಕೌದಿ ಹೊಲಿದುಕೊಟ್ಟವಳು. ಹೊಲಿಗೆ ಅವರಿಗೆ ಗುರುತಿತ್ತು. ಗಾಡಿ ಊರು ದಾಟಿ, ಜೋಳದ ಹೊಲಗಳ ನಡುವೆ ಹೊರಟಿತು. ಮೂಲೆಯ ಅರಗು ಅವರ ಬೆರಳಿಗೆ ಹತ್ತಿತು.

"ಇದೇನೋ ಕೆಂಪಂದು?"

"ಸರಕಾರದ ಮೊಹರು, ರೀ."

"ಒಳಗ ಏನದ?"

ಚಾಂದಸಾಬ ಕನ್ನಡಿಯಲ್ಲಿ ಕೂಸಿನ ಮುಖ ನೋಡಿದ. ನಿದ್ದೆ ಹತ್ತಿತ್ತು.

"ಥರ್ಮೋಸ್ಟ್ಯಾಟ್," ಅಂದ.

"ಕೆಡೂದಿಲ್ಲೇನು ಅದು?"

"ಇಲ್ರಿ. ತಯಾರ ಮಾಡಿದಾಕಿ ಹೊಟ್ಟಿ ತುಂಬಿಸೇ ಕಳಿಸ್ಯಾಳ."

ಹಿಪ್ಪರಗಿಯಲ್ಲಿ ಅವರನ್ನು ಇಳಿಸಿ ಅವನು ಲಾಗ್ ಪುಸ್ತಕ ತೆರೆದ. ಬರೆದ: "ಹೀಟರ್ (ಗಾಡಿಯದು) ನಡೆದಿದೆ. ಹೀಟರ್ (ಬಟ್ಟೆಯದು) ನಡೆದಿದೆ. ದೂರು ಇಲ್ಲ." ಸಹಿ ಹಾಕಿದ. ಕೌದಿಯನ್ನು ಝಾಡಿಸಿ, ಸೀಟಿನ ಬೆನ್ನಿಗೆ ಹಾಕಿ, ಅದಕ್ಕೆ ಬೆನ್ನು ಕೊಟ್ಟು ಕೂತ. ಕೂಸಿನ ಕಾವು ಅದರಲ್ಲಿ ಇನ್ನೂ ಉಳಿದಿತ್ತು.